ಸಾಲ್ಟನ್ ಸರೋವರದ ದಂಡೆಯಲ್ಲಿ ಹಾರುವವರ ಕೂಟ

ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ದಕ್ಷಿಣಕ್ಕೆ, ಮೆಕ್ಸಿಕೊ ದೇಶದ ಗಡಿಗೆ ಸಮೀಪದಲ್ಲಿ, ಸಾಲ್ಟನ್ ಸಮುದ್ರವೆಂದು ಕರೆಯಲ್ಪಡುವ ಒಂದು ಉಪ್ಪುನೀರಿನ ಸರೋವರವಿದೆ. ಹೆಸರಿಗೆ ಸಮುದ್ರವೇ ಆದರೂ ಅದಕ್ಕೂ ಕಡಲಿಗೂ ಯಾವ ಸಂಬಂಧವೂ ಇಲ್ಲ. ಸುತ್ತಲೂ ಮರುಭೂಮಿ. ಆ ಮರುಭೂಮಿಯ ತಗ್ಗಿನಲ್ಲಿ, ಕಡಲಮಟ್ಟಕ್ಕಿಂತ 230 ಅಡಿಗೂ ಹೆಚ್ಚು ಕೆಳಗೆ, ಈ ನೀರು ನಿಂತಿದೆ. ತುಂಬಿದ್ದ ಕಾಲದಲ್ಲಿ ಅದರ ಉದ್ದ ಸುಮಾರು 35 ಮೈಲು, ಅಗಲ 15 ಮೈಲು. ಈಗ ವರ್ಷದಿಂದ ವರ್ಷಕ್ಕೆ ದಂಡೆ ಒಳಸರಿಯುತ್ತಿದೆ.

ಈ ಸರೋವರವನ್ನು ಯಾರೂ ಬಯಸಿ ಕಟ್ಟಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಪೀರಿಯಲ್ ಕಣಿವೆಯ ಒಣಭೂಮಿಗೆ ಕೊಲೊರಾಡೊ ನದಿಯ ನೀರುಣಿಸಲು ಖಾಸಗಿ ಕಂಪನಿಯೊಂದು ಕಾಲುವೆ ತೋಡಿತು. ಕಾಲುವೆಯ ಬಾಯಿಗೆ ಹೂಳು ತುಂಬಿಕೊಂಡಾಗ, 1904ರಲ್ಲಿ, ಸರಿಯಾದ ತೂಬು ಕಟ್ಟದೆಯೇ ನದಿಯ ದಂಡೆಯನ್ನು ಬೇರೆಡೆ ಕಡಿದು ನೀರು ಬಿಟ್ಟುಕೊಂಡರು. ಮರುವರ್ಷ ಮಹಾಪೂರ ಬಂದಿತು. ಕಡಿದ ಬಾಯಿ ಹಿಗ್ಗಿ ಇಡೀ ನದಿಯೇ ದಾರಿ ಬಿಟ್ಟು ಈ ತಗ್ಗಿಗೆ ಹರಿಯತೊಡಗಿತು. 1907ರಲ್ಲಿ ರೈಲ್ವೆ ಕಂಪನಿಯವರು ಗಾಡಿಗಟ್ಟಲೆ ಬಂಡೆ ಸುರಿದು ಅದನ್ನು ಮುಚ್ಚುವ ಹೊತ್ತಿಗೆ ಈ ಸರೋವರ ಹುಟ್ಟಿಯಾಗಿತ್ತು. ಅಲ್ಲಿನ ಮೂಲನಿವಾಸಿಗಳಾದ ಕವೀಯಾ ಜನರ ಭೂಮಿಯೂ ಅದರಲ್ಲಿ ಮುಳುಗಿತು. ತೂಬಿಲ್ಲದ ಒಂದು ಕಾಲುವೆಯಿಂದ ಇಷ್ಟೆಲ್ಲ ಆಯಿತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಾವು ಹೇಳಲಿರುವುದು ಇದಕ್ಕಿಂತ ಬಹು ಚಿಕ್ಕ ಬಿರುಕೊಂದರ ವಿಷಯವನ್ನು.

ಈ ಸರೋವರಕ್ಕೆ ಒಳಹರಿವು ಉಂಟು, ಹೊರಹರಿವು ಇಲ್ಲ. ಹೊಲಗಳಿಗೆ ಹಾಯಿಸಿದ ನೀರು ಉಪ್ಪನ್ನೂ ಗೊಬ್ಬರವನ್ನೂ ಹೊತ್ತು ಇಲ್ಲಿಗೆ ಬಸಿದು ಬರುತ್ತದೆ. ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಟ್ಟು ಹೋಗುತ್ತದೆ. ಇಂದು ಇದರ ಉಪ್ಪು ಮಹಾಸಾಗರದ್ದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ನಮ್ಮ ತುಂಗಭದ್ರಾ ಎಡದಂಡೆಯ ಗಂಗಾವತಿ, ಸಿಂಧನೂರು ಸೀಮೆಯ ರೈತಬಂಧುಗಳಿಗೆ ಸವಳು, ಜವಳು ಎಂಬ ಮಾತುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಕಥೆಯನ್ನು ಇಲ್ಲಿ ಸಾಗರದ ಅಳತೆಯಲ್ಲಿ ಕಾಣಬಹುದು. 1950-60ರ ದಶಕಗಳಲ್ಲಿ ಇದು ಸಿರಿವಂತರ ವಿಹಾರಸ್ಥಳವಾಗಿತ್ತು. ದೋಣಿಯ ಪಂದ್ಯಗಳು, ಹೋಟೆಲುಗಳು, ಸಿನಿಮಾ ನಟರು. ಬಳಿಕ ನೀರು ಕೆಟ್ಟು ಮೀನುಗಳು ಲಕ್ಷಗಟ್ಟಲೆ ಸತ್ತು ತೇಲಿದವು. 2003ರ ಒಪ್ಪಂದದಂತೆ ಕೃಷಿಯ ನೀರಿನ ಒಂದು ಪಾಲು ಕರಾವಳಿಯ ನಗರಗಳಿಗೆ ಹೋಗತೊಡಗಿತು. ಅದಕ್ಕೆ ಪರಿಹಾರವೆಂದು ಸರೋವರಕ್ಕೆ ಬಿಡುತ್ತಿದ್ದ ನೀರು 2017ರ ಕೊನೆಗೆ ನಿಂತಿತು. ತೆರೆದುಕೊಂಡ ತಳದ ಧೂಳು ಗಾಳಿಗೆ ಏಳುತ್ತದೆ. ಕಣಿವೆಯ ಮಕ್ಕಳಲ್ಲಿ ಉಬ್ಬಸ ಹೆಚ್ಚು. ಪೂರ್ವದ ದಂಡೆಯಲ್ಲಿ ಬಾಂಬೆ ಬೀಚ್ ಎಂಬ ಹೆಸರಿನ ಒಂದು ಹಾಳುಬಿದ್ದ ಊರೂ ಇದೆ. ಆ ಹೆಸರು ಕೇಳಿ ನಾವು ಕಿವಿ ನಿಮಿರಿಸಿದ್ದು ನಿಜ, ಆದರೆ ಅಲ್ಲಿ ಮುಂಬಯಿಯ ಕುರುಹು ಏನೂ ಕಾಣಲಿಲ್ಲ.

ಇಂಥ ಸ್ಥಳಕ್ಕೆ ಹೋಗಬೇಕೆಂದು ಯಾರಿಗೆ ಅನಿಸೀತು? ಹಕ್ಕಿಗಳಿಗೆ ಅನಿಸುತ್ತದೆ. ಉತ್ತರದ ಚಳಿಯಿಂದ ದಕ್ಷಿಣಕ್ಕೆ ವಲಸೆ ಹೊರಟ ಲಕ್ಷಾಂತರ ಪಕ್ಷಿಗಳು ಇಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತವೆ. ನಾನೂರಕ್ಕೂ ಹೆಚ್ಚು ಜಾತಿಯ ಪಕ್ಷಿಗಳನ್ನು ಇಲ್ಲಿ ಗುರುತಿಸಿದ್ದಾರೆ. ಹಕ್ಕಿಗಳಂತೆಯೇ ಚಳಿಗಾಲದಲ್ಲಿ ಇಲ್ಲಿ ಬಂದು ಕೂಡುವ ಇನ್ನೊಂದು ವರ್ಗವಿದೆ. ಅವರು ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಹಾರುವ ಮನುಷ್ಯರು.

ಕಳೆದ ಚಳಿಗಾಲದಲ್ಲಿ ಅಲ್ಲಿನ ಶರಣಬಂಧುಗಳ ಆಹ್ವಾನದ ಮೇರೆಗೆ ಪ್ರವಚನಕ್ಕೆಂದು ಲಾಸ್ ಏಂಜಲೀಸಿಗೆ ಹೋಗಿದ್ದ ನಾವು, ಧಾರವಾಡದ ಕಡೆಯ ಒಂದು ಕುಟುಂಬದಲ್ಲಿ ಇಳಿದುಕೊಂಡಿದ್ದೆವು. ಆ ದಂಪತಿಗಳು ಅಲ್ಲಿ ನೆಲೆಸಿ ಮೂವತ್ತು ವರ್ಷಗಳಾದರೂ ಮನೆಯಲ್ಲಿ ಬೆಳಗಿನ ಲಿಂಗಪೂಜೆ ತಪ್ಪಿಲ್ಲ, ರೊಟ್ಟಿ ಬಡಿಯುವುದೂ ತಪ್ಪಿಲ್ಲ. ಅವರ ಮಗ ಅಲ್ಲಿಯೇ ಹುಟ್ಟಿ ಬೆಳೆದು ಎಂಜಿನಿಯರನಾದವನು. ಕನ್ನಡವನ್ನು ತಿಳಿಯುತ್ತಾನೆ, ತಾಯಿಯ ಧಾಟಿಯಲ್ಲಿಯೇ ಮಾತನಾಡುತ್ತಾನೆ. ಅವನಿಗೆ ಈ ಪ್ಯಾರಾಮೋಟರಿನ ಹುಚ್ಚು. ಕೂಟಕ್ಕೆ ಹೊರಡುವ ಹಿಂದಿನ ರಾತ್ರಿ ತಾಯಿ ನಮ್ಮ ಮುಂದೆ ತಾಟು ಇಡುತ್ತ ಮೆಲ್ಲಗೆ ಹೇಳಿದರು: "ಶಾಸ್ತ್ರಿಗಳೇ, ನಾ ಹೇಳಿದ್ರ ಕೇಳೂದಿಲ್ಲ. ನೀವು ಹೇಳಿದ್ರ ಕೇಳ್ತಾನ. ಮದುವಿ ಆಗೂತನಕರೆ ಇದನ್ನ ಬಿಡು ಅಂತ ಒಂದು ಮಾತು ಹೇಳ್ರಿ." ನೋಡದೆ ಹೇಳುವುದು ಸರಿಯಲ್ಲ, ನೋಡಿ ಹೇಳುತ್ತೇವೆಂದು ಉತ್ತರಿಸಿ ನಾವೂ ಅವರೊಡನೆ ಹೊರಟೆವು.

ಲಾಸ್ ಏಂಜಲೀಸಿನಿಂದ ಪೂರ್ವಕ್ಕೆ ಮೂರು ತಾಸಿನ ದಾರಿ. ನಡುವೆ ಸ್ಯಾನ್ ಗೊರ್ಗೊನಿಯೊ ಎಂಬ ಕಣಿವೆಬಾಯಿಯಲ್ಲಿ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿವೆ. ಚಿತ್ರದುರ್ಗದ ಗುಡ್ಡಗಳನ್ನೂ ಗದುಗಿನ ಕಪ್ಪತ್ತಗುಡ್ಡದ ಸೀಮೆಯನ್ನೂ ಕಂಡವರಿಗೆ ಆ ನೋಟ ಹೊಸದಲ್ಲ. ಅಲ್ಲಿಂದ ಇಳಿದರೆ ಖರ್ಜೂರದ ತೋಟಗಳು. ನೂರು ವರ್ಷಗಳ ಹಿಂದೆ ಅರಬರ ನಾಡುಗಳಿಂದ ಸಸಿ ತಂದು ನೆಟ್ಟು ಬೆಳೆಸಿದವು ಇವು. ಅಲ್ಲಿನ ಒಂದು ಊರಿಗೆ ಮೆಕ್ಕಾ ಎಂದೇ ಹೆಸರಿಟ್ಟಿದ್ದಾರೆ. ತೋಟಗಳು ಮುಗಿದ ಮೇಲೆ ಬಲಗಡೆಯ ಬೆಟ್ಟದ ಬಂಡೆಗಳ ಮೇಲೆ, ತಲೆಯೆತ್ತಿ ನೋಡಬೇಕಾದ ಎತ್ತರದಲ್ಲಿ, ಬಿಳಿಯ ಸುಣ್ಣದ ಗೆರೆಯೊಂದು ಕಾಣುತ್ತದೆ. ಅದು ಪ್ರಾಚೀನ ಕವೀಯಾ ಸರೋವರದ ನೀರಿನ ಗುರುತು. ಮನುಷ್ಯನ ಕಾಲುವೆಗೆ ಮೊದಲೂ ನದಿ ಈ ತಗ್ಗಿಗೆ ಹಲವು ಸಲ ಬಂದು ಹೋಗಿತ್ತೆಂಬುದಕ್ಕೆ ಅದೇ ಸಾಕ್ಷಿ.

ಪಶ್ಚಿಮದ ದಂಡೆಯ ಬಯಲಿನಲ್ಲಿ ಕೂಟ ನೆರೆದಿತ್ತು. ಮಲಗುವ ಕೋಣೆಯುಳ್ಳ ದೊಡ್ಡ ಮೋಟಾರು ವಾಹನಗಳು, ಡೇರೆಗಳು, ಅಲ್ಲಲ್ಲಿ ಒಲೆ ಹೊಗೆ. ನಮ್ಮ ಜಾತ್ರೆಗೆ ಚಕ್ಕಡಿ ಬಿಟ್ಟಂತೆಯೇ ಇತ್ತು. ಕಾಲ ಕೆಳಗೆ ಮರಳೆಂದು ನಾವು ಭಾವಿಸಿದ್ದು ಮರಳಲ್ಲ. ಪುಡಿಯಾದ ಚಿಪ್ಪು ಮತ್ತು ಮೀನಿನ ಎಲುಬು. ವಾಸನೆಯ ಬಗೆಗೆ ಬರೆಯದಿರುವುದೇ ಲೇಸು.

ಪ್ಯಾರಾಮೋಟರೆಂದರೆ ಏನೆಂಬುದನ್ನು ಇಲ್ಲಿ ಹೇಳಬೇಕು. ಗಾಳಿ ತುಂಬಿಕೊಂಡು ರೆಕ್ಕೆಯ ಆಕಾರ ತಾಳುವ ಬಟ್ಟೆಯ ಛತ್ರಿಯನ್ನು ಡೊಮಿನಾ ಜಾಲ್ಬರ್ಟ್ ಎಂಬಾತ 1960ರ ದಶಕದಲ್ಲಿ ಅಮೆರಿಕೆಯಲ್ಲಿ ರೂಪಿಸಿದ. 1978ರಲ್ಲಿ ಫ್ರಾನ್ಸಿನ ಮಿಯೂಸಿ ಎಂಬ ಹಳ್ಳಿಯ ಗುಡ್ಡದಿಂದ ಕೆಲವರು ಅಂಥ ಛತ್ರಿ ಕಟ್ಟಿಕೊಂಡು ಓಡಿ ಹಾರಿದರು. ಗುಡ್ಡವಿಲ್ಲದ ಕಡೆ ಏನು ಮಾಡಬೇಕು? ಬೆನ್ನಿಗೆ ಎಂಜಿನ್ ಕಟ್ಟಿ, ಅದರ ಹಿಂದೆ ಪಂಖವನ್ನು ತಿರುಗಿಸಿ, ಸಮತಟ್ಟಾದ ನೆಲದಿಂದಲೇ ಓಡಿ ಏರುವ ವಿಧಾನ 1980ರ ದಶಕದಲ್ಲಿ ಬಂದಿತು. ಇಂಗ್ಲೆಂಡಿನ ಮೈಕ್ ಬರ್ನ್ ಎಂಬಾತ ಪ್ಯಾರಾಮೋಟರ್ ಎಂಬ ಹೆಸರು ಕೊಟ್ಟ. ಬಳಿಕ ಫ್ರಾನ್ಸಿನಲ್ಲಿ ಅದು ಬೆಳೆಯಿತು. ಎಂಜಿನ್, ಅಲ್ಯೂಮಿನಿಯಮ್ಮಿನ ಚೌಕಟ್ಟು, ಪಂಖ, ಇಂಧನ ಎಲ್ಲ ಸೇರಿ ಬೆನ್ನ ಮೇಲೆ ಸುಮಾರು ಮೂವತ್ತು ಕಿಲೊ ಭಾರ. ತಾಸಿಗೆ ನಲವತ್ತರಿಂದ ಅರವತ್ತು ಕಿಲೊಮೀಟರ್ ವೇಗ. ಅಮೆರಿಕೆಯ ಸರಕಾರ 1982ರಿಂದ ಜಾರಿಯಲ್ಲಿಟ್ಟಿರುವ ನಿಯಮದ ಪ್ರಕಾರ ಇದಕ್ಕೆ ಲೈಸೆನ್ಸು ಬೇಡ. ಒಬ್ಬನೇ ಹಾರಬೇಕು, ವಾಹನದ ತೂಕ 254 ಪೌಂಡು ಮೀರಬಾರದು, ಇಂಧನ ಐದು ಗ್ಯಾಲನ್ ಮೀರಬಾರದು, ಹಗಲಿನಲ್ಲಿಯೇ ಹಾರಬೇಕು, ಜನವಸತಿಯ ಮೇಲೆ ಹಾರಬಾರದು. ಲೈಸೆನ್ಸು ಬೇಡವೆಂಬ ಮಾತು ಕೇಳಿ ನಮಗೆ ಸಮಾಧಾನವಾಗಲಿಲ್ಲ, ದಿಗಿಲೇ ಆಯಿತು. ಆದರೆ ಕೇಳುವ ಅಧಿಕಾರಿ ಇಲ್ಲದ ಕಡೆ ಮನುಷ್ಯ ತನ್ನನ್ನು ತಾನೇ ಹೇಗೆ ಕೇಳಿಕೊಳ್ಳುತ್ತಾನೆಂಬುದನ್ನು ನೋಡುವ ಅವಕಾಶವೂ ಅದರಿಂದಲೇ ದೊರೆಯಿತು.

ಶುಕ್ರವಾರ ಸಂಜೆಯ ಹಾರಾಟ ಮುಗಿದು ಕತ್ತಲಾದ ಮೇಲೆ ಡೇರೆಗಳ ಮುಂದೆ ದೀಪ ಹಚ್ಚಿಕೊಂಡು ಎಲ್ಲರೂ ಎಂಜಿನ್ ಬಿಚ್ಚಿ ಕುಳಿತರು. ಹಾರಾಟಕ್ಕಿಂತ ಇದೇ ನಮ್ಮ ಮನಸ್ಸನ್ನು ಹೆಚ್ಚು ಹಿಡಿಯಿತು. ಎಂಜಿನ್ ನೋಡಲು ಪುಟ್ಟದು, ಒಂದೇ ಸಿಲಿಂಡರು, ಎರಡು ಸ್ಟ್ರೋಕಿನದು. ಆ ಹುಡುಗನದು ಇಟಲಿಯಲ್ಲಿ ತಯಾರಾದ ವಿತ್ತೊರಾಜಿ ಎಂಬ ಹೆಸರಿನದು. 184 ಸಿಸಿ, ಸುಮಾರು 25 ಕುದುರೆಯ ಶಕ್ತಿ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನೂ, ಬಜಾಜ್ ಸ್ಕೂಟರುಗಳನ್ನೂ ಓಡಿಸಿದ ಹಿರಿಯರಿಗೆ ಈ ಎಂಜಿನಿನ ಸ್ವಭಾವ ಚೆನ್ನಾಗಿ ಗೊತ್ತು. ಪೆಟ್ರೋಲಿನಲ್ಲಿಯೇ ಆಯಿಲ್ ಬೆರೆಸಿ ಹಾಕಬೇಕು. ಇಲ್ಲಿ ನಲವತ್ತರಿಂದ ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್. ಪಿಸ್ಟನ್ನಿಗೆ ಜಿಡ್ಡು ಒದಗಿಸುವುದು ಅದೊಂದೇ. ಬಂಕಿನವನು ಅಳತೆ ತಪ್ಪಿದರೆ ಯೆಜ್ಡಿ ಹೊಗೆಯುಗುಳಿ ರಸ್ತೆಯ ಬದಿಗೆ ನಿಲ್ಲುತ್ತಿತ್ತು. ಪ್ಲಗ್ ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿ ಮತ್ತೆ ಒದ್ದರೆ ಹೊರಡುತ್ತಿತ್ತು. ಆಕಾಶದಲ್ಲಿ ರಸ್ತೆಯ ಬದಿ ಎಂಬುದಿಲ್ಲ.

ನೆಲದ ಗಾಡಿಯ ಎಂಜಿನ್ ಏರಿನಲ್ಲಿ ದುಡಿದು ಇಳಿಜಾರಿನಲ್ಲಿ ಉಸಿರು ಬಿಡುತ್ತದೆ. ಇದಕ್ಕೆ ಆ ಬಿಡುವಿಲ್ಲ. ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು ಸುತ್ತುತ್ತ, ಹಗುರವಾಗಿರಲೆಂದು ಸಣಕಲಾಗಿ ಮಾಡಿದ ಅಂಗಗಳನ್ನೆಲ್ಲ ನಡುಗಿಸುತ್ತಿರುತ್ತದೆ. ಆ ನಡುಕವೇ ಅದರ ಶತ್ರು. ತಿರುಪು ಸಡಿಲವಾಗುತ್ತದೆ, ರಬ್ಬರಿನ ಆಧಾರ ಹರಿಯುತ್ತದೆ, ಹೊಗೆಕೊಳವೆ ಬೆಸುಗೆಯ ಹತ್ತಿರ ಸೀಳುತ್ತದೆ. ಪಂಖವು ಹಿಂದುಗಡೆ ಇರುವುದರಿಂದ ಕಳಚಿಕೊಂಡ ಯಾವ ತುಣುಕೂ ನೆಲಕ್ಕೆ ಬೀಳುವ ಮೊದಲು ಅದಕ್ಕೆ ಬಡಿಯುತ್ತದೆ. ಒಂದು ಕಾಳಿನಷ್ಟು ನಟ್ಟು ಸಾಕು, ಪಂಖ ಚೂರಾಗಲು. ಅದಕ್ಕಾಗಿ ಪ್ರತಿ ಬೋಲ್ಟಿನ ತಲೆಗೂ ಒಂದು ಬಣ್ಣದ ಗೀಟು ಎಳೆದಿರುತ್ತಾರೆ. ಗೀಟು ಮುರಿದು ಕಂಡರೆ ಬೋಲ್ಟು ತಿರುಗಿದೆಯೆಂದು ಅರ್ಥ. ಹೊಗೆಕೊಳವೆಯ ಸ್ಪ್ರಿಂಗುಗಳನ್ನು ತಂತಿ ಹೊಸೆದು ಕಟ್ಟಿರುತ್ತಾರೆ, ಮುರಿದರೂ ಹಾರಿಹೋಗದಿರಲೆಂದು.

ಕಾರ್ಬ್ಯುರೇಟರಿನೊಳಗೆ ವೀಳ್ಯದೆಲೆಯಷ್ಟು ತೆಳುವಾದ ಒಂದು ಪೊರೆ ಇದೆ. ಎಂಜಿನಿನ ಉಸಿರಿಗೆ ಅದು ಮಿಡಿಯುತ್ತ ಪೆಟ್ರೋಲನ್ನು ಎಳೆದು ಕೊಡುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ, ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಅದು ನೀರು ಹೀರಿಕೊಳ್ಳುತ್ತದೆ, ಪೊರೆಯನ್ನೂ ನಳಿಗೆಗಳನ್ನೂ ಗಡುಸು ಮಾಡುತ್ತದೆ. ನಮ್ಮ ದೇಶದಲ್ಲಿಯೂ ಈಗ ಎಥನಾಲ್ ಬೆರೆಸುವುದರಿಂದ ಹಳೆಯ ಪಂಪು, ಗರಗಸದ ಎಂಜಿನ್ ಇರುವ ತೋಟದವರು ಇದನ್ನು ಗಮನಿಸಬಹುದು: ಕೆಲಸ ಮುಗಿದ ಮೇಲೆ ಟಾಕಿಯನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡಿ ಇಡುವುದು ಒಳ್ಳೆಯದು.

ಆ ರಾತ್ರಿ ಒಂದು ಪ್ರಸಂಗ ನಡೆಯಿತು. ಕೊಲೊರಾಡೊದ ಬೆಟ್ಟಸೀಮೆಯಿಂದ, ಐದು ಸಾವಿರ ಅಡಿಗೂ ಮೇಲಿನ ಊರಿನಿಂದ, ಒಬ್ಬ ಮಧ್ಯವಯಸ್ಕ ತನ್ನ ಎಂಜಿನ್ ಹೊತ್ತು ಬಂದಿದ್ದ. ಊರಿನಲ್ಲಿ ವೀಣೆಯಂತೆ ನುಡಿಯುತ್ತಿದ್ದ ಎಂಜಿನ್ ಇಲ್ಲಿ ಬಿಸಿಯಾಗಿ ಕರ್ಕಶವಾಗಿ ಕೂಗುತ್ತಿದೆಯೆಂದು ಅವನ ದೂರು. ಹುಡುಗ ಪ್ಲಗ್ ಬಿಚ್ಚಿ ದೀಪಕ್ಕೆ ಹಿಡಿದು ನಮಗೂ ತೋರಿಸಿದ. ಪ್ಲಗ್ಗಿನ ತುದಿ ಕಾಫಿಯ ಬಣ್ಣಕ್ಕಿದ್ದರೆ ಆರೋಗ್ಯ; ಕರ್ರಗೆ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚು; ಬೆಳ್ಳಗಿದ್ದರೆ ಕಡಿಮೆ. ಅದು ಸುಣ್ಣ ಬಳಿದಂತೆ ಬೆಳ್ಳಗಿತ್ತು. ಕಾರಣ ಸರಳ. ಬೆಟ್ಟದ ಮೇಲೆ ಗಾಳಿ ತೆಳು. ಆ ತೆಳುಗಾಳಿಗೆ ತಕ್ಕಂತೆ ಪೆಟ್ರೋಲಿನ ಅಳತೆ ಹೊಂದಿಸಿದ್ದ. ಇಲ್ಲಿ ಕಡಲಮಟ್ಟಕ್ಕಿಂತಲೂ ಕೆಳಗೆ ಗಾಳಿ ದಟ್ಟ. ಅದೇ ಅಳತೆಯ ಪೆಟ್ರೋಲು ಈ ದಟ್ಟಗಾಳಿಗೆ ಸಾಲದು. ಪೆಟ್ರೋಲು ಸಾಲದಿದ್ದರೆ ಕಾವು ಏರುತ್ತದೆ. ಅದರೊಡನೆ ಬರಬೇಕಾದ ಆಯಿಲೂ ಕಡಿಮೆಯಾಗುತ್ತದೆ. ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಸೀಜ್ ಆಯಿತೆಂದು ನಮ್ಮ ಮೇಸ್ತ್ರಿಗಳು ಹೇಳುವುದು ಇದನ್ನೇ. ಹುಡುಗ ತನ್ನ ಪೆಟ್ಟಿಗೆಯಿಂದ ಹೊಸ ಪೊರೆ ತೆಗೆದು ಹಾಕಿದ, ತಿರುಪನ್ನು ಕೂದಲೆಳೆಯಷ್ಟು ಬಿಚ್ಚಿದ, ಮತ್ತೆ ಓಡಿಸಿ ಕಾವಿನ ಮುಳ್ಳನ್ನು ನೋಡಿದ. ಹೀಗೆ ಮೂರು ಸಲ ಮಾಡಿದ ಮೇಲೆ ಕೂಗು ಇಳಿಯಿತು. ಆ ಮನುಷ್ಯ ಹಣ ಕೊಡಹೋದಾಗ ಹುಡುಗ ತೆಗೆದುಕೊಳ್ಳಲಿಲ್ಲ. ಅಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲವೆಂದು ಮರುದಿನ ತಿಳಿಯಿತು. ಒಬ್ಬನ ಬೆಲ್ಟು ಇನ್ನೊಬ್ಬನಿಗೆ, ಇವನ ಪ್ಲಗ್ಗು ಅವನಿಗೆ. ಲೆಕ್ಕ ಬರೆದಿಟ್ಟವರನ್ನು ನಾವು ಕಾಣಲಿಲ್ಲ. ದಾಸೋಹವೆಂಬ ಶಬ್ದ ಅವರಿಗೆ ಗೊತ್ತಿರಲಾರದು.

ಆಡಂಬರವೂ ಅಲ್ಲಿ ಇಲ್ಲದಿಲ್ಲ. ಹೊಸದಾಗಿ ಎಲ್ಲವನ್ನೂ ಕೊಂಡರೆ ಹತ್ತು ಸಾವಿರ ಡಾಲರು ಮೀರುತ್ತದೆ. ಎಂಜಿನಿನ ಸದ್ದು ಅರ್ಧ ಮೈಲಿಗೂ ಕೇಳುತ್ತದೆ. ದಂಡೆಯ ಹಕ್ಕಿಗಳಿಗೆ ಅದು ಹಿತವಾಗಿರಲು ಸಾಧ್ಯವಿಲ್ಲ. ಪಕ್ಷಿಧಾಮದ ಮೇಲೆ ತಗ್ಗಿನಲ್ಲಿ ಹಾರಬಾರದೆಂದು ಹಿರಿಯರು ಬೆಳಗಿನ ಸಭೆಯಲ್ಲಿ ಎಚ್ಚರಿಸಿದರು. ಪೂರ್ವದ ಚಾಕೊಲೇಟ್ ಪರ್ವತಗಳಲ್ಲಿ ಸೈನ್ಯದವರು ಬಾಂಬು ಹಾಕಿ ಅಭ್ಯಾಸ ಮಾಡುವ ಪ್ರದೇಶವಿದೆ. ದಕ್ಷಿಣದ ಎಲ್ ಸೆಂಟ್ರೊದಲ್ಲಿ ನೌಕಾಪಡೆಯ ಜೆಟ್ ವಿಮಾನಗಳು ಚಳಿಗಾಲದಲ್ಲಿ ಕಸರತ್ತು ನಡೆಸುತ್ತವೆ. ನಕಾಶೆ ಬಿಡಿಸಿ ಆ ಗಡಿಗಳನ್ನು ಎಲ್ಲರಿಗೂ ತೋರಿಸಿದರು. ಕೇಳಿದವರಲ್ಲಿ ಕೆಲವರು ಆಕಳಿಸುತ್ತಿದ್ದುದನ್ನೂ ನಾವು ಕಂಡೆವು.

ಶನಿವಾರ ಬೆಳಗಿನ ಜಾವ ನಮ್ಮ ಲಿಂಗಪೂಜೆ ಮುಗಿಯುವ ಹೊತ್ತಿಗೆ ಹೊರಗೆ ಓಡಾಟ ಸುರುವಾಗಿತ್ತು. ನೆಲ ಕಾಯುವ ಮೊದಲು ಗಾಳಿ ಶಾಂತವಾಗಿರುತ್ತದೆ. ಮಧ್ಯಾಹ್ನ ಮರುಭೂಮಿ ಕಾದು ಗಾಳಿ ಕುದಿಯತೊಡಗಿದರೆ ಬಲ್ಲವರು ಹಾರುವುದಿಲ್ಲ. ಹೀಗಾಗಿ ಬ್ರಾಹ್ಮೀ ಮುಹೂರ್ತದಲ್ಲಿ ಏಳುವ ಅಭ್ಯಾಸ ಈ ಜನಕ್ಕೆ ಬೇರೆ ದಾರಿಯಿಂದ ಬಂದಿದೆ. ಹುಡುಗ ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದ. ಅಂಗಿಯೊಳಗಿನ ಶಿವದಾರವನ್ನು ತಾಯಿ ಮುಟ್ಟಿ ನೋಡಿದರು. ಬಳಿಕ ಅವನು ಬಟ್ಟೆಯ ರೆಕ್ಕೆಯನ್ನು ನೆಲಕ್ಕೆ ಹರವಿ ಅದರ ನೂಲುಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿ ಬಿಡಿಸತೊಡಗಿದ. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನವರ ನೆನಪು ನಮಗೆ ಬಂದದ್ದು ಆಗಲೇ.

ಎಂಜಿನ್ ಚಾಲೂ ಮಾಡುವ ಕ್ರಮವನ್ನು ಅವನು ತಾಯಿಗೂ ನಮಗೂ ಬಿಡಿಸಿ ಹೇಳಿದ. ಈ ಆಟದಲ್ಲಿ ದೊಡ್ಡ ಗಾಯಗಳು ಆಗುವುದು ಆಕಾಶದಲ್ಲಿ ಮಾತ್ರವಲ್ಲ. ನೆಲದ ಮೇಲೆ ಹಗ್ಗ ಎಳೆದು ಎಂಜಿನ್ ಚಾಲೂ ಮಾಡುವಾಗ ಅದು ಒಮ್ಮೆಲೆ ಭರದಿಂದ ಎದ್ದು, ಪಂಖವು ಕೈಗೆ, ಭುಜಕ್ಕೆ ಬಡಿದು ಬೆರಳು ಕಳೆದುಕೊಂಡವರಿದ್ದಾರೆ. ಆದ್ದರಿಂದ ನಿಲ್ಲಿಸುವ ಗುಂಡಿ ಕೆಲಸ ಮಾಡುತ್ತದೆಯೇ ಎಂದು ಮೊದಲೇ ನೋಡಬೇಕು. ಚೌಕಟ್ಟನ್ನು ಬಿಗಿಯಾಗಿ ಹಿಡಿದಿರಬೇಕು. ಸುತ್ತ ಯಾರೂ ಇಲ್ಲದಿದ್ದರೂ ಪಂಖದಿಂದ ಸರಿಯಿರೆಂದು ಗಟ್ಟಿಯಾಗಿ ಕೂಗಬೇಕು. ಇನ್ನೊಂದು ಅಪಾಯ ನೀರು. ಬೆನ್ನ ಭಾರದೊಡನೆ ನೀರಿಗೆ ಬಿದ್ದವನು ಬೋರಲಾಗಿ ಮುಳುಗುತ್ತಾನೆ, ನೂಲುಗಳು ಕಾಲಿಗೆ ಸುತ್ತುತ್ತವೆ. ಈಜು ಬಲ್ಲವನಿಗೂ ಬಿಡಿಸಿಕೊಳ್ಳುವುದು ಕಷ್ಟ.

"ಎಂಜಿನ್ ಮ್ಯಾಲ ಬಂದಾದ್ರ?" ತಾಯಿ ಕೇಳಿದರು.

"ಬಂದಾದ್ರ ಏನೂ ಆಗೂದಿಲ್ಲವ್ವಾ. ರೆಕ್ಕಿ ಹಂಗ ಇರತದ, ತೇಲಿಕೋತ ಇಳೀತೀನಿ. ಇಳಿಯಾಕ ಜಾಗಾ ಇರಬೇಕು ಅಷ್ಟ. ಜಾಗಾ ಇಲ್ಲದ ಕಡೆ ಎಂಜಿನ್ ನಂಬಿ ಹೋಗಬಾರದು."

ಎಂಜಿನ್ನಿಗಾಗಿ ಇಷ್ಟೆಲ್ಲ ದುಡಿಯುವವನು ಅದನ್ನು ನಂಬಬಾರದೆಂದೂ ಹೇಳುವುದು ನಮಗೆ ಸೋಜಿಗವೆನಿಸಿತು. ಆಮೇಲೆ ವಿಚಾರ ಮಾಡಿದಾಗ ಅದರಲ್ಲಿ ವಿರೋಧವೇನೂ ಕಾಣಲಿಲ್ಲ. ಅವನು ತೇಲುವ ಜಾಕೀಟು ಕಟ್ಟಿಕೊಂಡೇ ಹಾರಿದ. ದಂಡೆಯ ಗುಂಟ ನೆಲದ ಮೇಲೆಯೇ ಸುತ್ತಿದ; ನೀರಿನ ಮೇಲೆ ದೂರ ಹೋಗಲಿಲ್ಲ. ಹತ್ತು ಹೆಜ್ಜೆ ಓಡಿ ಕಾಲು ನೆಲ ಬಿಟ್ಟ ಕ್ಷಣ ತಾಯಿ ಕಣ್ಣು ಮುಚ್ಚಿಕೊಂಡದ್ದನ್ನು ನಾವು ನೋಡಿದೆವು. ನೂರಾರು ಬಣ್ಣದ ರೆಕ್ಕೆಗಳ ನಡುವೆ ಅವನದು ಯಾವುದೆಂದು ತಿಳಿಯದಂತಾಗಿ, ಮತ್ತೆ ತಿಳಿದು, ಹೀಗೆ ಒಂದು ತಾಸು ಕಳೆಯಿತು. ಇಳಿದ ಮೇಲೆ ಅವನು ತನ್ನ ಎತ್ತರಮಾಪಕವನ್ನು ತೋರಿಸಿದ. ನೆಲದ ಮೇಲೆ ನಿಂತಾಗ ಅದು ಸೊನ್ನೆಗಿಂತ ಇನ್ನೂರು ಅಡಿ ಕಡಿಮೆ ತೋರಿಸುತ್ತಿತ್ತು. ತೆಂಗಿನ ಮರದ ಎರಡರಷ್ಟು ಏರಿದರೂ ಇಲ್ಲಿ ಹಾರುವವನು ಕಡಲಮಟ್ಟ ಮುಟ್ಟುವುದಿಲ್ಲ. ಶರಣರು ಹೇಳಿದ ಬಯಲಿಗೂ ಈ ಬಯಲಿಗೂ ಗಂಟು ಹಾಕಿ ಬರೆಯುವ ಆಸೆ ನಮ್ಮಂಥವರಿಗೆ ಹುಟ್ಟುವುದು ಸಹಜ. ಆದರೆ ಅದು ಬೇರೆ, ಇದು ಬೇರೆ. ಅದಕ್ಕೆ ಪೆಟ್ರೋಲು ಬೇಕಾಗಿರಲಿಲ್ಲ.

ರವಿವಾರದ ಬೆಳಗು ಆ ಮೂರು ದಿನಗಳಲ್ಲಿಯೇ ಅತ್ಯಂತ ಪ್ರಶಾಂತವಾದದ್ದು. ನೀರು ಕನ್ನಡಿಯಂತೆ ನಿಂತಿತ್ತು. ಆಚೆಯ ಬೆಟ್ಟಗಳು ಕೆಂಪೇರುತ್ತಿದ್ದವು. ಎಲ್ಲ ಡೇರೆಗಳಿಂದಲೂ ಎಂಜಿನ್ನುಗಳು ಎದ್ದವು. ಹುಡುಗ ಬಟ್ಟೆ ಹರವಿ ಮುಗಿಸಿ, ಎಂಜಿನಿನ ಮುಂದೆ ಮಂಡಿಯೂರಿ, ಪ್ರತಿದಿನದಂತೆ ದೀಪ ಹಿಡಿದು ಒಂದೊಂದೇ ಅಂಗವನ್ನು ನೋಡುತ್ತ ಬಂದ. ಹೊಗೆಕೊಳವೆಯ ಬೆಸುಗೆಯ ಹತ್ತಿರ ಅವನ ಬೆರಳು ನಿಂತಿತು. ಮಸಿಯಿಂದ ಬರೆದಂತೆ ಒಂದು ಸಣ್ಣ ಕಪ್ಪು ಗೆರೆ. ನಾವು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರೂ ಮೊದಲು ಕಾಣಲಿಲ್ಲ. ಬಟ್ಟೆಯಿಂದ ಒರೆಸಿ, ಬೆಳಕನ್ನು ಓರೆಯಾಗಿ ಹಿಡಿದ ಮೇಲೆ ಕಂಡಿತು. ಉಗುರಿನಷ್ಟು ಉದ್ದದ ಬಿರುಕು. ಗೆಳೆಯನೊಬ್ಬ ಬಂದು ನೋಡಿ, ಇಷ್ಟೇ ಇದ್ದರೆ ಒಂದು ತಾಸಿಗೇನೂ ಆಗದು, ಇಂಥ ಗಾಳಿ ಮತ್ತೆ ಸಿಗದು ಎಂದ. ಅವನು ಹೇಳಿದ್ದು ನಿಜವೂ ಆಗಿರಬಹುದು. ಹುಡುಗ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಆಕಾಶ ನೋಡಿದ. ಬಳಿಕ ಟಾಕಿಯ ಪೆಟ್ರೋಲನ್ನು ಡಬ್ಬಿಗೆ ಇಳಿಸಿ, ರೆಕ್ಕೆಯನ್ನು ಮಡಿಚಿ ಚೀಲಕ್ಕೆ ತುಂಬಿದ.

ಆರುನೂರು ಮೈಲಿನಿಂದ ಬಂದವರೂ ಇದ್ದ ಕೂಟ ಅದು. ಇವನೂ ವರ್ಷವಿಡೀ ಆ ಬೆಳಗಿಗಾಗಿ ಕಾದಿದ್ದವನು. ಎಲ್ಲರೂ ಮೇಲಿದ್ದಾಗ ಅವನು ಕೆಳಗೆ ಮಡಚುವ ಕುರ್ಚಿಯಲ್ಲಿ ಕುಳಿತು ಪುಸ್ತಕವೊಂದರಲ್ಲಿ ಬರೆಯುತ್ತಿದ್ದ. ಎಂಜಿನ್ ಎಷ್ಟು ಗಂಟೆ ಓಡಿತು, ಯಾವ ದಿನ ಪ್ಲಗ್ ಬದಲಿಸಿದ್ದು, ಯಾವ ದಿನ ಪೊರೆ ಬದಲಿಸಿದ್ದು ಎಲ್ಲವೂ ಅದರಲ್ಲಿತ್ತು. ಮಠದ ಉಗ್ರಾಣದ ಖಾತೆಯನ್ನು ಇಷ್ಟು ಅಚ್ಚುಕಟ್ಟಾಗಿ ಬರೆದವರನ್ನು ನಮ್ಮ ಆಯುಷ್ಯದಲ್ಲಿ ಒಬ್ಬಿಬ್ಬರನ್ನೇ ಕಂಡಿದ್ದೇವೆ. ಯಾರೂ ಪರೀಕ್ಷಿಸದ ಆ ಪುಸ್ತಕ, ಯಾರೂ ಕಾಣದ ಆ ಗೆರೆ, ಯಾರೂ ತಡೆಯದ ಆ ಹಾರಾಟ. ಕಾಯಕವೆಂಬ ಮಾತನ್ನು ನಾವು ವೇದಿಕೆಗಳ ಮೇಲೆ ನಲವತ್ತು ವರ್ಷ ವಿವರಿಸಿದ್ದೇವೆ. ಆಟವನ್ನು ಕಾಯಕವೆನ್ನಬಹುದೇ ಎಂಬ ವಿಷಯದಲ್ಲಿ ನಮಗೆ ಈಗಲೂ ಸಂದೇಹವಿದೆ. ಅದರಿಂದ ಯಾರ ಹಸಿವೂ ಇಂಗುವುದಿಲ್ಲ. ಆದರೆ ಆ ಬಿರುಕಿನ ಮುಂದೆ ಮಂಡಿಯೂರಿದ್ದವನ ಬಗೆಗೆ ಸಂದೇಹವಿಲ್ಲ.

ತಾಯಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ಮಗನಿಗೆ ಬಡಿಸಿ, ನಮ್ಮ ಕಡೆಗೆ ತಿರುಗಿ ದನಿ ತಗ್ಗಿಸಿ ಹೇಳಿದರು: "ಇವತ್ತ ಏನೂ ಹೇಳಬ್ಯಾಡ್ರಿ ಶಾಸ್ತ್ರಿಗಳೇ. ಇವತ್ತ ಅವನಾಗೇ ಕುಂತಾನ."

ನಾವು ಹೇಳಲಿಲ್ಲ. ಹಾರಬೇಡವೆನ್ನುವ ಅಧಿಕಾರ ನಮಗಿದೆಯೆಂದು ತೋರಲಿಲ್ಲ. ಹಾರು ಎನ್ನುವ ಧೈರ್ಯವೂ ಇರಲಿಲ್ಲ. ನೀರಿನ ವಿಷಯವನ್ನು ಮಾತ್ರ ಇನ್ನೊಮ್ಮೆ ಎತ್ತಿದೆವು. ದಂಡೆ ಬಿಟ್ಟು ನೀರಿನ ಮೇಲೆ ಹೋಗುವುದಿಲ್ಲವೆಂದು ಅವನು ತಾಯಿಯ ಎದುರಿಗೇ ಮಾತು ಕೊ­ಟ್ಟ.

ಬೆಳಗಿನ ಹಾರಾಟ ತಪ್ಪಿದ್ದರಿಂದ ಮಧ್ಯಾಹ್ನ ಅವನು ನಮ್ಮನ್ನು ಸರೋವರದ ಆಚೆಯ ದಂಡೆಗೆ ಕರೆದೊಯ್ದ. ದಾರಿಯಲ್ಲಿ ಕ್ಯಾಲಿಪಾಟ್ರಿಯಾ ಎಂಬ ಊರು. ಅದು ಕಡಲಮಟ್ಟಕ್ಕಿಂತ 184 ಅಡಿ ಕೆಳಗಿದೆ. ಊರವರು 184 ಅಡಿ ಎತ್ತರದ ಧ್ವಜಸ್ತಂಭ ನೆಟ್ಟಿದ್ದಾರೆ, ತಮ್ಮ ಧ್ವಜವಾದರೂ ಕಡಲಮಟ್ಟದಲ್ಲಿ ಹಾರಲೆಂದು. ಅಲ್ಲಿಂದ ನೈಲ್ಯಾಂಡ್ ದಾಟಿ ಮುಂದೆ ಹೋದರೆ ಬೋಳು ಮರುಭೂಮಿಯಲ್ಲಿ, ಹೋಳಿಹುಣ್ಣಿಮೆಯ ಬಣ್ಣವೆಲ್ಲ ಒಂದೆಡೆ ಸುರಿದಂತೆ, ಒಂದು ಗುಡ್ಡ ಕಾಣುತ್ತದೆ. ಸಾಲ್ವೇಶನ್ ಮೌಂಟನ್ ಎಂದು ಅದರ ಹೆಸರು. ಐವತ್ತು ಅಡಿಯಷ್ಟು ಎತ್ತರ. ಮಣ್ಣು, ಹುಲ್ಲು ಕಲಸಿ ಮೆತ್ತಿ, ಅದರ ಮೇಲೆ ಬಣ್ಣದ ಪದರುಗಳನ್ನು ಬಳಿದು, ಹೂ, ಮರ, ಹರಿಯುವ ನೀರು ಚಿತ್ರಿಸಿ, ನಡುವೆ ದೇವರು ಪ್ರೇಮಸ್ವರೂಪಿ ಎಂಬ ಅರ್ಥದ ದೊಡ್ಡ ಅಕ್ಷರಗಳು.

ಇದನ್ನು ಮಾಡಿದವನು ಲಿಯೊನಾರ್ಡ್ ನೈಟ್ ಎಂಬ ಒಬ್ಬನೇ ಮನುಷ್ಯ. ಅವನೂ ಹಾರಲು ಬಯಸಿದವನೇ. ಆ ಅಕ್ಷರಗಳನ್ನು ಬಿಸಿಗಾಳಿಯ ಬೃಹತ್ ಬಲೂನಿನ ಮೇಲೆ ಬರೆದು ಆಕಾಶಕ್ಕೇರಿಸಬೇಕೆಂದು ವರ್ಷಗಟ್ಟಲೆ ತಾನೇ ಬಟ್ಟೆ ಹೊಲಿದ. ಬಲೂನು ಏರಲಿಲ್ಲ, ಬಟ್ಟೆ ಕೊಳೆತು ಹರಿಯಿತು. 1984ರಲ್ಲಿ ಇಲ್ಲಿಗೆ ಬಂದಾಗ ಒಂದು ವಾರವಿದ್ದು ಚಿಕ್ಕದೊಂದು ಗುರುತು ಬಿಟ್ಟು ಹೋಗಬೇಕೆಂಬುದು ಅವನ ವಿಚಾರವಾಗಿತ್ತು. ಹೋಗಲೇ ಇಲ್ಲ. ಮೊದಲು ಕಟ್ಟಿದ ಗುಡ್ಡ 1989ರಲ್ಲಿ ಕುಸಿದುಬಿದ್ದಾಗ ಮತ್ತೆ ಮೊದಲಿನಿಂದ ಹಿಡಿದ. ವಿದ್ಯುತ್ತಿಲ್ಲದ ಒಂದು ಹಳೆಯ ಟ್ರಕ್ಕಿನಲ್ಲಿ ಮಲಗುತ್ತಿದ್ದ. 2014ರಲ್ಲಿ ತೀರಿಕೊಂಡ. ಬಿಸಿಲಿಗೆ ಮಣ್ಣು ಬಿರಿಯುತ್ತಲೇ ಇರುವುದರಿಂದ ಸ್ವಯಂಸೇವಕರು ಈಗಲೂ ಮೆತ್ತಿ ಬಳಿಯುತ್ತಿರುತ್ತಾರೆ. ನೋಡಲು ಬಂದವರು ಕಾಣಿಕೆಯಾಗಿ ಬಣ್ಣದ ಡಬ್ಬಿ ತರುವುದು ಅಲ್ಲಿನ ರೂಢಿ.

ಹುಡುಗ ಗುಡ್ಡದ ಬದಿಯ ಒಂದು ಸೀಳಿನಲ್ಲಿ ಬೆರಳಿಟ್ಟು ನೋಡುತ್ತ ನಿಂತಿದ್ದ. ತಾಯಿ ಬ್ರಾಲಿ ಎಂಬ ಊರಿನ ಅಂಗಡಿಯಲ್ಲಿ ಕೊಂಡಿದ್ದ ಎರಡು ಡಬ್ಬಿ ಬಣ್ಣವನ್ನು ಗುಡ್ಡದ ಬುಡದಲ್ಲಿದ್ದ ಸ್ವಯಂಸೇವಕನ ಕೈಗೆ ಕೊಟ್ಟರು, ಒಂದು ಹಳದಿ, ಒಂದು ಬಿಳಿ. ಸಂಜೆಯ ಹಾರಾಟಕ್ಕೆ ಆಚೆಯ ದಂಡೆಯಿಂದ ಎದ್ದ ಎಂಜಿನ್ನುಗಳ ಸದ್ದು ಇಲ್ಲಿಗೆ ಕೇಳುವಷ್ಟು ಹತ್ತಿರವಿರಲಿಲ್ಲ. ಕತ್ತಲಾಗುವ ಮೊದಲು ನಾವು ಲಾಸ್ ಏಂಜಲೀಸಿನ ದಾರಿ ಹಿಡಿದೆವು.